ತಿದಿ ತೆರೆಯದ ಪಾಠ

ಲೀನಾಳ ಬೆರಳುಗಳು ಅಕಾರ್ಡಿಯನ್ ಮೇಲೆ ಓಡುತ್ತಿದ್ದವು, ಆದರೆ ಸ್ವರವೇ ಇರಲಿಲ್ಲ. ಗಾಳಿ ತುಂಬುವ ತಿದಿಯ ಪಟ್ಟಿಯನ್ನೇ ಅವಳು ಬಿಚ್ಚಿರಲಿಲ್ಲ. ಯುದ್ಧದ ಕಾಲವದು. ಹಂಚಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಅವಳ ತಂದೆ ತೀರಿಕೊಂಡು ತಿಂಗಳಾಗಿತ್ತು. ಅತ್ತಾವರದ ಆ ಕ್ರೈಸ್ತ ಮನೆಯಲ್ಲಿ ವರ್ಷ ತುಂಬುವವರೆಗೆ ಹಾಡು, ವಾದ್ಯ ಕೂಡದು. ಅವಳ ಉಂಗುರ ಬೆರಳು ಸೋಲುತ್ತದೆಂದು ಐದೇ ಸ್ವರ ನಿಧಾನವಾಗಿ ಏರಿ ಇಳಿಯುವ ಪಾಠವೊಂದನ್ನು ನಾನೇ ಹಿಂದೆ ಆರಿಸಿಕೊಟ್ಟಿದ್ದೆ. ಅದನ್ನೇ ಸದ್ದಿಲ್ಲದೆ ಅಭ್ಯಾಸ ಮಾಡುತ್ತಿದ್ದಳು.

ಕಪ್ಪು ಸೀರೆಯುಟ್ಟ ತಾಯಿ ಒಳಗಿನಿಂದ ಬಂದು ನನ್ನನ್ನು ಕೇಳಿದರು: “ಮಾಸ್ಟ್ರೇ, ಇದು ಹಾಡು ಅಲ್ಲ ಅಲ್ವಾ?”

“ಅಲ್ಲ ಬಾಯಮ್ಮ, ಬೆರಳಿನ ಅಭ್ಯಾಸ ಅಷ್ಟೆ.”

“ಹಾಗಾದ್ರೆ ತೆರೆದೇ ನುಡಿಸ್ಲಿ. ಇವರು ಹಂಚಿನ ಕಾರ್ಖಾನೆಯಿಂದ ಬರುವಾಗ ದಿನಾ ಇದೇ ಕೇಳ್ತಾ ಇತ್ತು.”

ಲೀನಾ ಪಟ್ಟಿ ಬಿಚ್ಚಿದಳು. ಸ್ವರಗಳು ಒಂದೊಂದಾಗಿ ಏರಿದವು, ಇಳಿದವು. ತಾಯಿ ಮೆಲ್ಲನೆ ಹೋಗಿ ಎದುರು ಬಾಗಿಲಿನ ಅಗಳಿ ತೆಗೆದರು. ರಸ್ತೆ ನೋಡುತ್ತ ಅಲ್ಲೇ ನಿಂತುಬಿಟ್ಟರು.

ಇಂದಿಗೂ ಬೆರಳು ಸೋಲುವ ಶಿಷ್ಯರಿಗೆ ನಾನು ಆ ಪಾಠವನ್ನೇ ಆರಿಸಿಕೊಡುತ್ತೇನೆ. ಅದು ಹಾಡಲ್ಲವೆಂದು ಮಾತ್ರ ಮತ್ತೆ ಯಾರಿಗೂ ಹೇಳಿಲ್ಲ.