ಬಾಯಾಗಿನ ಗಾಲಿ

ಸಾಬಣ್ಣನ ಮೋಟಾರು ಕೆಟ್ಟು ನಿಂತಿದೆ ಅಂದರೆ ಚಿತ್ತಾಪುರದ ಮಂದಿಗೆ ಬೇರೆ ಡಂಗುರ ಬೇಕಿರಲಿಲ್ಲ. ಊರಿಗೆ ಯಾರೋ ಸರಕಾರಿ ಸಾಹೇಬರು ಬಂದಿದ್ದಾರೆ ಅಂತಲೇ ಅರ್ಥ. ಸಾಹೇಬರ ಡೇರೆ ಕಿತ್ತು ಹೋದ ಮರುದಿನ ಅದೇ ಮೋಟಾರು ಕೆಮ್ಮಿ, ಕ್ಯಾಕರಿಸಿ, ಮೈ ಕೊಡವಿ ಎದ್ದು, ಆರೇಳು ಮಂದಿಯನ್ನು ಹೇರಿಕೊಂಡು ಸೇಡಂ ಕಡೆಗೋ ಚಿಂಚೋಳಿ ಕಡೆಗೋ ಹೊರಟುಬಿಡುತ್ತಿತ್ತು. ಮಂದಿ ನಗುತ್ತಿದ್ದರು. ಗುಟ್ಟು ಮಾತ್ರ ಬಿಡುತ್ತಿರಲಿಲ್ಲ.

ನಿಜಾಮರ ಕಾಲ. ಸಾಹೇಬ ದೌರೆಗೆ, ಅಂದರೆ ಊರೂರು ತಿರುಗಾಟಕ್ಕೆ, ಹೊರಟರೆ ಅವನ ಡೇರೆ, ಮಂಚ, ಹಾಸಿಗೆ ಹೊರಲು ಊರಿನ ಬಂಡಿ ಬಿಟ್ಟಿ, ಎತ್ತು ಬಿಟ್ಟಿ, ಆಳು ಬಿಟ್ಟಿ. ಬಿಟ್ಟಿ ಅಂದರೆ ಪುಕ್ಕಟೆ ಅಂತ ಓದಿದವರು ಅರ್ಥ ಹೇಳುತ್ತಾರೆ. ಸುಳ್ಳು. ಪುಕ್ಕಟೆ ಕೊಡುವವನಿಗೆ ‘ಕೊಡಂಗಿಲ್ಲ’ ಅನ್ನುವ ಹಕ್ಕಾದರೂ ಇರುತ್ತದೆ. ಬಿಟ್ಟಿ ನಿಲ್ಲಿಸಬೇಕು ಅಂತ ಮೇಲಿನಿಂದ ಒಮ್ಮೆ ಕಾಗದವೂ ಬಂದಿತ್ತು ಅಂತ ಊರಲ್ಲಿ ಹೇಳುತ್ತಿದ್ದರು. ಆ ಕಾಗದವಿದ್ದ ಪೆಟ್ಟಿಗೆಯನ್ನು ಸ್ಟೇಷನ್ನಿನಿಂದ ಕಚೇರಿಗೆ ಹೊತ್ತು ತಂದವನೂ ಒಬ್ಬ ಬಿಟ್ಟಿ ಆಳೇ.

ಸಾಬಣ್ಣನಿಗೆ ಇದನ್ನು ಯಾರೂ ಕಲಿಸಬೇಕಿರಲಿಲ್ಲ. ಅವರದು ಸನ್ನತಿಯ ಹೊಳೆದಂಡೆಯ ಮನೆತನ. ಅಪ್ಪ ದೇವೀಂದ್ರಪ್ಪ ಭೀಮಾ ಹೊಳೆಯಲ್ಲಿ ಹರಗೋಲು ಹಾಕುತ್ತಿದ್ದ. ಬಿದಿರ ಬುಟ್ಟಿಗೆ ಚರ್ಮ ಬಿಗಿದು, ರಾಳ ಬಳಿದು, ಅದನ್ನು ಕೂಸಿನ ಹಾಗೆ ಕಾಪಾಡಿಕೊಂಡಿದ್ದ. ಒಂದು ದಿನ ಒಬ್ಬ ಸಾಹೇಬ ಬಂದು, ತನ್ನ ಜೊತೆ ಕುದುರೆಯನ್ನೂ ಅದರಲ್ಲೇ ಹತ್ತಿಸು ಅಂದ. ‘ಬ್ಯಾಡ್ರಿ’ ಅಂದ ದೇವೀಂದ್ರಪ್ಪ. ಹತ್ತಿಸಿದರು. ನಡುಹೊಳೆಯಲ್ಲಿ ಕುದುರೆ ಬೆದರಿತು, ಗೊರಸು ಚರ್ಮ ಹರಿಯಿತು. ಕುದುರೆ ಈಜಿ ದಡ ಸೇರಿತು. ಸಾಹೇಬನನ್ನು ದೇವೀಂದ್ರಪ್ಪನೇ ಜುಟ್ಟು ಹಿಡಿದು ಎಳೆದು ತಂದ. ಜೀವ ಉಳಿಸಿದ್ದಕ್ಕೆ ಇನಾಮು ಛಡಿ ಏಟು. ಜುಟ್ಟು ಹಿಡಿದದ್ದು ತಪ್ಪಂತೆ. ಹರಗೋಲು ಹೊಳೆಯ ಪಾಲಾಯಿತು. ನನ್ನದು ಅಂತ ಒಂದು ಗಾಡಿ ಆದರೆ ಅದರಲ್ಲಿ ಯಾವ ಸಾಹೇಬನ ಕಾಲೂ ಬೀಳಬಾರದು ಅಂತ ಸಾಬಣ್ಣ ಅವತ್ತೇ ಮನಸ್ಸಿನೊಳಗೆ ಗಂಟು ಹಾಕಿಕೊಂಡ.

ಗಾಡಿ ಆಯಿತು. ಶಹಾಬಾದಿನ ಫರಸಿ ಕಲ್ಲಿನ ಗಣಿಯ ಕಡೆ ಒಬ್ಬ ಗೋರಾ ಇಂಜಿನಿಯರ ಇದ್ದ. ಸಾಬಣ್ಣ ಅವನ ಮೋಟಾರು ತೊಳೆಯುತ್ತ ತೊಳೆಯುತ್ತ ಬಿಚ್ಚುವುದನ್ನೂ ಕಲಿತ, ಜೋಡಿಸುವುದನ್ನೂ ಕಲಿತ, ಕಡೆಗೆ ಓಡಿಸುವುದನ್ನೂ ಕಲಿತ. ಸಾವಿರದ ಒಂಬೈನೂರ ಮೂವತ್ತೊಂದರಲ್ಲಿ ಗೋರಾ ತನ್ನ ದೇಶಕ್ಕೆ ಹೋಗುವಾಗ ಅದನ್ನು ತಗಡಿನ ಬೆಲೆಗೆ ಇವನ ಕೊರಳಿಗೆ ಕಟ್ಟಿದ. ವರ್ಷಗಟ್ಟಲೆ ಗಣಿಯ ಧೂಳು ಕುಡಿದ ಗಾಡಿ. ಮೈಲಿ ಎಣಿಸುವ ಗಡಿಯಾರದ ಐದೂ ಮನೆಯಲ್ಲಿ ಒಂಬತ್ತು ತುಂಬಿ, ಒಂದು ದಿನ ಐದೂ ಸೊನ್ನೆಯಾದವು.

“ನೋಡಲ್ಲಿ, ಮತ್ತ ಹೊಸದಾಗಿ ಹುಟ್ಟ್ಯದ,” ಅಂತ ಹೆಂಡತಿ ಅಂಬುಬಾಯಿಗೆ ತೋರಿಸಿದ.

“ಹಲ್ಲಿಲ್ಲ ಅಂದಕೂಡ್ಲೆ ಕೂಸು ಅನ್ನಬ್ಯಾಡ್ರಿ. ಮುದುಕಿಗೂ ಹಲ್ಲಿರಂಗಿಲ್ಲ,” ಅಂದಳು ಆಕೆ. ಹಾಗಂದವಳೇ ಹಳೆಯ ಸೀರೆಗಳನ್ನು ಕೂಡಿಸಿ ಅದರ ಹಿಂದಿನ ಸೀಟಿಗೆ ಕೌದಿ ಹೊಲಿದಳು. ತನ್ನ ಮದುವೆಯ ಸೀರೆಯ ತುಂಡೂ ಅದರಲ್ಲಿತ್ತು.

ಬೆಳಿಗ್ಗೆ ಎದ್ದವನೇ ಸಾಬಣ್ಣ ಅಂಗಳದ ಫರಸಿಯ ಮೇಲೆ ಬೆನ್ನು ಹಚ್ಚಿ ಗಾಡಿಯ ಕೆಳಗೆ ಸರಿಯುತ್ತಿದ್ದ. ಇಂಜಿನ್ನಿನ ಹೊಟ್ಟೆಗೆ ಒಂದು ಸಣ್ಣ ತೋಟಿ, ನಲ್ಲಿಯಂಥದ್ದು. ಅದನ್ನು ತಿರುಗಿಸಿದರೆ ಎರಡು ಹನಿ ಎಣ್ಣೆ ಬೀಳಬೇಕು. ಬಿದ್ದರೆ ಹೊಟ್ಟೆ ತುಂಬಿದೆ, ಇಲ್ಲವಾದರೆ ಮೇಲಿನಿಂದ ಹೊಯ್ಯಬೇಕು. ಆ ಎರಡು ಹನಿ ಅಂಗೈಗೆ ಬಿದ್ದಾಗ ಅವನಿಗೆ ಆಗುತ್ತಿದ್ದ ಸಮಾಧಾನ ಪೂಜೆ ಮಾಡುವವರಿಗೂ ಆಗುತ್ತಿತ್ತೋ ಇಲ್ಲವೋ. ವರ್ಷಗಳ ಮೇಲೆ ಆ ಫರಸಿ ಅವನ ಬೆನ್ನಿನ ಆಕಾರಕ್ಕೆ ನುಣ್ಣಗಾಗಿತ್ತು.

ಇಂಜಿನ್ನಿನ ನೀರಿನ ತೊಟ್ಟಿ ಸೋರಿದರೆ ಅಪ್ಪನ ರಾಳ. ಟೈರು ಬಾಯಿಬಿಟ್ಟರೆ ಹಳೇ ಬೂಟಿನ ತೊಗಲು. ತಗಡು ಸೀಳಿದರೆ ಗೆಳೆಯ ಬಂದೇಅಲಿ. ಪಾತ್ರೆಗೆ ಕಲಾಯಿ ಹಾಕುವವನು.

“ಸಾಬಣ್ಣ ಭೈ, ನಿನ್ನ ಗಾಡ್ಯಾಗ ಗಾಡಿಗಿಂತ ನನ್ನ ಬೆಸುಗಿ ಸೀಸಾನೇ ಜಾಸ್ತಿ ಅದ. ಒಂದಿನ ಸಿಟ್ಟಿಗೆದ್ದು ನಂದು ನಾ ಒಯ್ದ್ರ, ನಿನ್ನ ಕೈಯಾಗ ಸ್ಟೇರಿಂಗ್ ಒಂದೇ ಉಳೀತದ ನೋಡು.”

“ಒಯ್ಯಿ. ಸ್ಟೇರಿಂಗ್ ಇದ್ರ ಸಾಕು, ನೂಕಲಿಕ್ಕ ನೀ ಇದ್ದೀಯಲ್ಲ.”

ಚಿಂಚೋಳಿ ದಾರಿಯಲ್ಲಿ ಗುಂಡಗುರ್ತಿ ದಾಟಿದ ಮೇಲೆ ಒಂದು ಏರು. ಪೆಟ್ರೋಲಿನ ಡಬ್ಬಿ ಸೀಟಿನ ಕೆಳಗೆ, ಇಂಜಿನ್ನು ಮುಂದೆ. ಮೂತಿ ಮೇಲೆ ಮಾಡಿ ಏರಿದರೆ ಪೆಟ್ರೋಲು ಇಂಜಿನ್ನಿಗೆ ಹರಿಯದು. ಸಾಬಣ್ಣ ಗಾಡಿ ತಿರುಗಿಸಿ ಹಿಮ್ಮುಖವಾಗಿ ಏರಿಸುತ್ತಿದ್ದ. ಕೂತವರು ಬಿಟ್ಟು ಬಂದ ಊರನ್ನೇ ನೋಡುತ್ತ, ಬೆನ್ನು ಮುಂದೆ ಮಾಡಿ ಏರಬೇಕು. ಮೊದಲ ಸಲ ಕೂತ ಹೆಣ್ಣುಮಕ್ಕಳು ಕಿರುಚುತ್ತಿದ್ದರು, ಎರಡನೇ ಸಲ ನಗುತ್ತಿದ್ದರು.

ಇಂಥ ಗಾಡಿಯನ್ನು ಸಾಹೇಬರ ಕಣ್ಣಿನಿಂದ ಕಾಯುವುದು ಹೇಗೆ? ಇಂಜಿನ್ನಿನ ಮುಂದೆ ಒಂದು ಡಬ್ಬಿ. ಅದರೊಳಗೆ ಅಡಿಕೆಯಷ್ಟು ಗಾತ್ರದ ಉಕ್ಕಿನ ಗಾಲಿ. ಅದು ತಿರುಗಿದರೇ ಕಿಡಿ, ಕಿಡಿ ಹತ್ತಿದರೇ ಇಂಜಿನ್ನು. ಸಾಹೇಬರು ಬಂದ ಸುದ್ದಿ ಬಂದರೆ ಸಾಬಣ್ಣ ಆ ಗಾಲಿ ತೆಗೆದು ಒರೆಸಿ ದವಡೆಗೆ ಇಟ್ಟುಕೊಳ್ಳುತ್ತಿದ್ದ, ಮೇಲೆ ಒಂದು ಎಲೆ. ನೋಡಿದವರಿಗೆ ಎಲೆ ಅಡಿಕೆ ಹಾಕಿದವನಂತೆ ಕಾಣುತ್ತಿದ್ದ. ಆರು ವರ್ಷ ಹೀಗೆ ನಡೆಯಿತು.

ಆಮೇಲೆ ಊರೂರಿನ ಕಂದಾಯ ನೋಡುವ ಗಿರ್ದಾವರನಾಗಿ ಕಲ್ಯಾಣಪ್ಪ ಬಂದ. ಹಣೆ ತುಂಬ ವಿಭೂತಿ, ಎರಡು ಹೊತ್ತು ಲಿಂಗಪೂಜೆ, ಬಾಯಿ ತೆರೆದರೆ ದಯೆ ಧರ್ಮದ ಮಾತು. ಜುಲುಮೆ ಅಂದರೆ ಬರೀ ಒಂದೇ ಜಾತಿಯ ಟೊಪ್ಪಿಗೆ ಹಾಕಿಕೊಂಡು ಬರುತ್ತದೆ ಅಂತ ನಂಬಿಕೊಂಡವರಿಗೆ ಈ ಕಲ್ಯಾಣಪ್ಪನನ್ನು ತೋರಿಸಬೇಕು. ಅವನು ಮೋಟಾರು ಕೇಳಿದ್ದು ಮೂರು ಸಲ. ಮೂರು ಸಲವೂ ಅದು ಕೆಟ್ಟಿತ್ತು. ನಾಲ್ಕನೇ ಸಲ ಅವನೇ ಅಂಗಳಕ್ಕೆ ಬಂದು ನಿಂತ.

“ಲೇ ಸಾಬ್ಯಾ, ನಾ ಬಂದಾಗ್ಲೇ ಇದಕ ಜಡ್ಡು ಬರ್ತದೇನೋ?”

“ಮುದುಕಿ ಗಾಡ್ರಿ ಸಾಹೇಬ್ರ.”

“ಸರಕಾರದ ಮುಂದ ಬಾಯಾಗ ಅಡಿಕಿ ಇಟಗೊಂಡು ಮಾತಾಡ್ತಿ? ಉಗುಳು.”

ಸಾಬಣ್ಣ ಕೆಂಪು ರಸ ಮಾತ್ರ ಉಗುಳಿದ. ಗಾಲಿ ನಾಲಿಗೆಯ ಕೆಳಗೆ ಹೋಯಿತು. ಅಷ್ಟರಲ್ಲಿ ಬಂದೇಅಲಿ ಬರಿಗಾಲಲ್ಲಿ ಓಡಿಬಂದ. ತಲೆಯ ಮೇಲೆ ಟೊಪ್ಪಿಗೆ ಇಲ್ಲ, ಕೈ ತುಂಬ ಮಸಿ. ಮಗಳು ಜಾನಬಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ನಿನ್ನೆಯಿಂದ ಬೇನೆ, ಕೂಸು ಅಡ್ಡ ತಿರುಗಿದೆ, ಶಹಾಬಾದಿನ ದವಾಖಾನೆಗೆ ಒಯ್ಯದಿದ್ದರೆ ಎರಡೂ ಜೀವ ಉಳಿಯುವುದಿಲ್ಲ ಅಂತ ಸೂಲಗಿತ್ತಿ ಕೈಚೆಲ್ಲಿದ್ದಳು. ಊರಿನ ಬಂಡಿಗಳೆಲ್ಲ ಗಿರ್ದಾವರನ ಸಾಮಾನಿಗೆ ಹಿಡಿದು ಚಾವಡಿಯ ಮುಂದೆ ನಿಂತಿದ್ದವು.

“ಸಾಹೇಬ್ರ, ಒಂದು ಬಂಡಿ ಬಿಡ್ರಿ. ಕಾಲಿಗೆ ಬೀಳ್ತೀನ್ರಿ.”

“ಡೇರೆ ಸಾಮಾನು ಸೇಡಂ ಮುಟ್ಟಲಿ. ನಾಳಿ ಸಂಜಿಗೆ ಬಂಡಿ ತಿರುಗಿ ಬರ್ತಾವ, ಆಗ ಒಯ್ಯಿ. ಎಲ್ಲಾ ದೇವರ ಕೈಯಾಗದ.”

ಬಂದೇಅಲಿಗೆ ಗಾಲಿಯ ಗುಟ್ಟು ಗೊತ್ತಿತ್ತು. ಆ ಡಬ್ಬಿಯ ಮುಚ್ಚಳಕ್ಕೆ ಕಲಾಯಿ ಹಾಕಿದವನೇ ಅವನು. ಆದರೂ ಸಾಬಣ್ಣನನ್ನು ಕೇಳಲಿಲ್ಲ. ಅವನ ಕಡೆ ತಿರುಗಿಯೂ ನೋಡಲಿಲ್ಲ. ನೆಲ ನೋಡುತ್ತ ನಿಂತ. ಕೇಳಿದ್ದರೆ ಸಾಬಣ್ಣ ಒಂದು ಗಳಿಗೆ ಹಿಂದೆ ಮುಂದೆ ನೋಡುತ್ತಿದ್ದನೋ ಏನೋ. ಅವನು ಕೇಳದಿದ್ದದ್ದೇ ತಾಳಲಾಗಲಿಲ್ಲ.

ಸಾಬಣ್ಣ ಎರಡು ಬೆರಳು ಬಾಯಿಗೆ ಹಾಕಿ, ಎಲ್ಲರ ಎದುರಿಗೆ, ಎಂಜಲು ಹತ್ತಿದ ಗಾಲಿಯನ್ನು ಹೊರಗೆ ತೆಗೆದ. ಧೋತರದ ಸೆರಗಿಗೆ ಒರೆಸಿದ. ಡಬ್ಬಿಯೊಳಗೆ ಕೂಡಿಸಿದ. ಒಂದೇ ಹ್ಯಾಂಡಲಿಗೆ ಇಂಜಿನ್ನು ಎದ್ದಿತು. ಎಷ್ಟೋ ದಿನ ನಾಲ್ಕು ಸಲ ತಿರುಗಿಸಿದರೂ ಏಳದ ಮುದುಕಿ ಅವತ್ತು ಒಂದೇ ಹ್ಯಾಂಡಲಿಗೆ ಎದ್ದಳು.

ಗಿರ್ದಾವರ ಬಾಯಿ ತೆರೆಯುವಷ್ಟರಲ್ಲಿ ಗಾಡಿ ಬಂದೇಅಲಿಯ ಮನೆ ಮುಂದೆ ನಿಂತಿತ್ತು. ಜಾನಬಿಯನ್ನು ಕೌದಿಯ ಮೇಲೆ ಮಲಗಿಸಿದರು. ಕಾಗಿಣಾ ಹೊಳೆಯಲ್ಲಿ ಗಾಡಿಯ ಗಾಲಿ ಮುಳುಗುವಷ್ಟು ನೀರಿತ್ತು. ನೀರಿನ ಬಣ್ಣ ನೋಡಿ ಆಳ ಅಳೆಯುವ ಮನೆತನದವನು ಸಾಬಣ್ಣ. ತಿಳಿ ನಿಂತ ಆಳ ಬಿಟ್ಟು, ಕಲ್ಲಿಗೆ ತಾಗಿ ನೀರು ಮುರಿಯುವ ಕಡೆ ಗಾಡಿ ಇಳಿಸಿದ. ಹರಗೋಲು ಹೋದ ಮೇಲೆ ಆ ಮನೆಯವರು ಹೊಳೆ ದಾಟಿಸಿದ್ದು ಅದೇ ಮೊದಲು. ಮಧ್ಯಾಹ್ನದ ಹೊತ್ತಿಗೆ ದವಾಖಾನೆಯಲ್ಲಿ ಗಂಡು ಕೂಸು ಅತ್ತಿತು. ತಾಯಿಯೂ ಉಳಿದಳು.

ಮರುದಿನ ಸಾಬಣ್ಣ ಊರಿಗೆ ಬಂದಾಗ ಗಿರ್ದಾವರ ಅದೇ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಕಣ್ಣಿನಲ್ಲಿ ಸಿಟ್ಟೂ ಇರಲಿಲ್ಲ.

“ಗಾಡಿ ಚೊಲೋ ಅದ. ಇವತ್ತಿನಿಂದ ನನ್ನ ದೌರೆ ಇದರಾಗೇ.”

“ಪೆಟ್ರೋಲು, ಎಣ್ಣಿ ಯಾರು ಹಾಕ್ತಾರ್ರಿ ಸಾಹೇಬ್ರ?”

“ಬಂಡಿ ಎತ್ತಿಗೆ ಮೇವು ಯಾರು ಹಾಕ್ತಾರೋ?”

ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ಒಂದು ಹೊಸ ಪದ್ಧತಿ. ಗಾಡಿ ಚಾವಡಿಗೆ ಬಂದಕೂಡಲೇ ಗಿರ್ದಾವರ ಅನ್ನುವನು, “ಬಾಯಿ ತೆರಿ.” ಸಂತೆಗೆ ತಂದ ಎತ್ತಿನ ಹಲ್ಲು ನೋಡಿದ ಹಾಗೆ ಜವಾನ ಸಾಬಣ್ಣನ ಗದ್ದ ಹಿಡಿದು ಬಾಯೊಳಗೆ ಇಣುಕಿ, “ಏನಿಲ್ರಿ” ಅನ್ನುವನು. ಮೊದಲು ಗುಟ್ಟು ಕಾಯುತ್ತ ನಗುತ್ತಿದ್ದ ಊರ ಮಂದಿ ಈಗ ಅದಕ್ಕೂ ನಕ್ಕರು. ಬಾಡಿಗೆ ನಿಂತಿತು. ಅಂಬುಬಾಯಿ ಗಣಿಗೆ ಕಲ್ಲು ಹೊರಲು ಹೋದಳು, ಗಂಡನ ಗಾಡಿಗೆ ಎಣ್ಣೆ ಹಾಕಲಿಕ್ಕೆ. ಈ ಮಾತನ್ನು ಇನ್ನೊಮ್ಮೆ ಓದಿಕೊಳ್ಳಿ. ಗಿರ್ದಾವರ ಕೂತು ಹೋಗಲಿ ಅಂತ ಒಬ್ಬ ಹೆಣ್ಣುಮಗಳು ಕಲ್ಲು ಹೊತ್ತಳು. ಇದಕ್ಕೆ ಆಗಿನವರು ಸರಕಾರಿ ಸೇವೆ ಅನ್ನುತ್ತಿದ್ದರು.

ಎರಡು ತಿಂಗಳಾದ ಮೇಲೆ ದೌರೆ ಗುಂಡಗುರ್ತಿಗೆ ಹೋಯಿತು. ಸಾಹೇಬರ ಊಟಕ್ಕೆ ಅಂತ ಊರವರಿಂದ ರಸದು ಎತ್ತುವ ದಿನ. ಅದಕ್ಕೂ ಬೆಲೆ ಇಲ್ಲ. ಗಂಡ ಸತ್ತ ಮುದುಕಿ ಸೂಗಮ್ಮನ ಮನೆಯಿಂದ ಜವಾನ ಒಂದು ಚೀಲ ಜೋಳ, ಒಂದು ಗಡಿಗೆ ತುಪ್ಪ ತಂದು ಅಂಬುಬಾಯಿಯ ಕೌದಿಯ ಮೇಲಿಟ್ಟ. ಮುದುಕಿ ಹಿಂದೆಯೇ ಬಂದಳು. ಸ್ಟೇರಿಂಗ್ ಹಿಡಿದವನ ಮುಖ ನೋಡಿದಳು.

“ನೀ ಸನ್ನತಿ ದೇವೀಂದ್ರಪ್ಪನ ಮಗ ಅಲ್ಲೇನೋ?”

“ಹೌದು ಅತ್ತಿ.”

“ನನ್ನ ಮದುವಿ ದಿಬ್ಬಣ ನಿಮ್ಮಪ್ಪ ಹೊಳಿ ದಾಟಿಸಿದ್ದ. ನೀ ನನ್ನ ತುಪ್ಪ ದಾಟಿಸಲಿಕತ್ತಿ. ಬಾಣಂತಿ ಮಗಳಿಗಂತ ಕೂಡಿಸಿದ್ದೋ ಅದು. ಹೋಗು, ಚೊಲೋ ಓಡಿಸು. ಚೆಲ್ಲೀತು.”

ಬೈದಿದ್ದರೆ ಬೇರೆ ಮಾತು. ಚೆಲ್ಲೀತು ಅಂದಳು.

ಗಿರ್ದಾವರ ಗೌಡರ ಮನೆಯಲ್ಲಿ ಊಟಕ್ಕೆ ಕೂತ. ಜವಾನ ಹೊರಗಿನ ಕಟ್ಟೆಯ ಮೇಲೆ ಮಲಗಿದ. ಸಾಬಣ್ಣ ಗಾಡಿಯ ಕೆಳಗೆ ಸರಿದ. ಅಲ್ಲಿ ಅವನ ಫರಸಿ ಇರಲಿಲ್ಲ. ಬರೀ ಮಣ್ಣು, ಬೆನ್ನಿಗೆ ಕಲ್ಲು ಚುಚ್ಚುತ್ತಿತ್ತು. ಮೊದಲು ರೂಢಿಯಂತೆ ತೋಟಿ ತಿರುಗಿಸಿದ. ಎರಡು ಹನಿ ಬಿತ್ತು. ಹೊಟ್ಟೆ ತುಂಬಿತ್ತು, ಅಂಬುಬಾಯಿಯ ಕಲ್ಲಿನ ಕೂಲಿಯ ಎಣ್ಣೆ. ಅಂಗೈಯನ್ನು ಎದೆಗೆ ಒರೆಸಿಕೊಂಡ. ಆಮೇಲೆ ಎಣ್ಣೆ ಬಸಿಯುವ ತಳದ ಬಿರಡೆಗೆ ಕೈ ಹಾಕಿ, ಅದನ್ನು ಸಡಿಲು ಮಾಡಿ, ಸಡಿಲಾಗಿಯೇ ಬಿಟ್ಟು ಹೊರಗೆ ಬಂದ.

ಊಟ ಮುಗಿದು ದೌರೆ ಚಿಂಚೋಳಿ ಕಡೆ ಹೊರಟಿತು. ಏರಿನ ಬುಡದಲ್ಲಿ ಸಾಬಣ್ಣ ಗಾಡಿ ತಿರುಗಿಸಿದ. ಗಿರ್ದಾವರನಿಗೆ ಹಿಮ್ಮುಖ ಏರುವುದೆಂದರೆ ಮೊದಲಿನಿಂದಲೂ ಅವಮಾನ. ಮುಖ ಗಂಟುಹಾಕಿ, ಏರಿ ಬಂದ ದಾರಿಯನ್ನು ನೋಡುತ್ತ ಕೂತ.

“ಅದೇನೋ ಕರೀ ಗೆರಿ, ದಾರಿಗುಂಟ?”

“ಮುದುಕಿ ಗಾಡ್ರಿ ಸಾಹೇಬ್ರ. ಸೋರ್ತದ.”

“ಈ ಸಪ್ಪಳ?”

“ದಮ್ಮು ಹತ್ಯದ.”

ಟಕ್ ಟಕ್ ಅಂತ ಶುರುವಾದದ್ದು ಗಡ ಗಡ ಆಯಿತು. ಆ ಸಪ್ಪಳದ ಅರ್ಥ ಸಾಬಣ್ಣನಿಗೆ ಒಬ್ಬನಿಗೇ ಗೊತ್ತಿತ್ತು. ಇಷ್ಟು ವರ್ಷ ಕನಸಿನಲ್ಲೂ ಕೇಳಬಾರದು ಅಂತ ಕಾಯ್ದ ಸಪ್ಪಳ ಅದು. ಕಾಲು ತಾನಾಗಿಯೇ ನಿಲ್ಲಿಸಲು ಹೋಯಿತು. ಅದನ್ನು ತಡೆದು ಹಿಡಿದ. ಏರಿನ ಅರ್ಧದಲ್ಲಿ ಕಬ್ಬಿಣ ಕಬ್ಬಿಣವನ್ನು ಕಚ್ಚಿತು. ಮೋಟಾರು ಒಮ್ಮೆ ಜಗ್ಗಿ ನಿಂತುಬಿಟ್ಟಿತು. ಸುಟ್ಟ ವಾಸನೆ ಎದ್ದಿತು.

“ಇಳಿ. ಹ್ಯಾಂಡಲ್ ಹೊಡಿ.”

ಹೊಡೆದ. ಹ್ಯಾಂಡಲು ಅಲುಗಲಿಲ್ಲ. ಜವಾನನೂ ಕೈ ಹಚ್ಚಿದ, ಅಲುಗಲಿಲ್ಲ.

ಗಿರ್ದಾವರ ನಿಧಾನಕ್ಕೆ ಇಳಿದು ಬಂದ. “ಬಾಯಿ ತೆರಿ.”

ಸಾಬಣ್ಣ ತೆರೆದ. ಜವಾನ ಗದ್ದ ಹಿಡಿಯುವ ಮೊದಲೇ, ಅವರು ಕೇಳಿದ್ದಕ್ಕಿಂತ ಅಗಲವಾಗಿ ತೆರೆದ. ನಾಲಿಗೆ ಎತ್ತಿ ತೋರಿಸಿದ. ಏನೂ ಇರಲಿಲ್ಲ. ಆರು ವರ್ಷ ಬಾಯಿ ತುಂಬ ಸುಳ್ಳಿಟ್ಟುಕೊಂಡು ಗಾಡಿ ಉಳಿಸಿಕೊಂಡವನು ಅವತ್ತು ಖಾಲಿ ಬಾಯಲ್ಲಿ ನಿಂತಿದ್ದ.

“ಸತ್ತದ್ರಿ ಸಾಹೇಬ್ರ. ಈ ಸಲ ಖರೇ ಸತ್ತದ.”

ಬಿಡುಗಡೆ ಆಯಿತು ಅಂತ ಅವನಿಗೆ ಅನಿಸಿದ್ದು ಎಷ್ಟು ಹೊತ್ತು? ಗಿರ್ದಾವರ ಧೋತರದ ಧೂಳು ಕೊಡವಿಕೊಳ್ಳುವಷ್ಟು ಹೊತ್ತು.

“ಗಾಡಿ ಸತ್ತದ. ನೀ ಸತ್ತಿಲ್ಲಲ್ಲ?” ಅಂದ ಕಲ್ಯಾಣಪ್ಪ. “ಹೊರು.”

ಜವಾನ ಜೋಳದ ಚೀಲ ಎತ್ತಿ ಸಾಬಣ್ಣನ ತಲೆಯ ಮೇಲಿಟ್ಟ, ತುಪ್ಪದ ಗಡಿಗೆಯನ್ನು ಕೈಗೆ ಕೊಟ್ಟ. ಗಡಿಗೆ ಚೆಲ್ಲದ ಹಾಗೆ ಹಿಡಿದುಕೊಂಡು ಅವನು ಅವರ ಹಿಂದೆ ನಡೆದ. ಆ ಏರನ್ನು ಸಾಬಣ್ಣ ಮುಖ ಮುಂದೆ ಮಾಡಿ ಏರಿದ್ದು ಅದೇ ಮೊದಲು.