ದೇವರ ಕೋಣೆಯಲ್ಲಿ ಕಾದ ಯಂತ್ರ

ತಿರುವನಂತಪುರದ ಉಳ್ಳೂರಿನಲ್ಲಿ ನಾವು ಬಾಡಿಗೆಗೆ ಹಿಡಿದ ಮನೆಯ ದೇವರ ಕೋಣೆಗೆ ಕಿಟಕಿಯಿರಲಿಲ್ಲ. ಮಾಲೀಕರು ಅದನ್ನು ಸಾಮಾನು ತುಂಬಲೆಂದು ಕಟ್ಟಿಸಿದ್ದರು. ನಾವು ತೊಳೆದು, ರಂಗೋಲಿ ಹಾಕಿ, ದೇವರ ಸಂಪುಟವನ್ನಿರಿಸಿ, ದೀಪ ಹಚ್ಚಿದೆವು. ಮನೆ ಹಿಡಿದದ್ದು ವಾಸದ ಸುಖಕ್ಕಲ್ಲ. ಅಲ್ಲಿಂದ ಆಸ್ಪತ್ರೆಗೆ ನಡೆದೇ ಹೋಗಬಹುದಾಗಿತ್ತು, ಮತ್ತು ನನ್ನ ಮನೆಯವಳ ಗಂಟಲಿನಲ್ಲಿ ಗಡ್ಡೆಯಿತ್ತು.

ಇಪ್ಪತ್ತೊಂದು ದಿನಗಳ ಅನಂತರ ಧ್ವನಿಪೆಟ್ಟಿಗೆಯನ್ನು ತೆಗೆಯಬೇಕೆಂದು ವೈದ್ಯರು ನಿಶ್ಚಯಿಸಿದರು. ಪ್ರಾಣ ಉಳಿಯಬಹುದು, ಮಾತು ಉಳಿಯದು ಎಂಬುದನ್ನು ಅವರು ಮಲಯಾಳದಲ್ಲಿ ನಿಧಾನವಾಗಿ, ಎರಡು ಸಲ ಹೇಳಿದರು. ಅವಳು ಕಾಸರಗೋಡಿನ ಕಡೆಯವಳು. ನಾನು ಕೊಚ್ಚಿಯ ಶಾಲೆಯೊಂದರಲ್ಲಿ ಮೂವತ್ತು ವರ್ಷ ಸಂಸ್ಕೃತ ಕಲಿಸಿದವನು. ಒಂದು ಸಲ ಹೇಳಿದ್ದರೂ ಇಬ್ಬರಿಗೂ ತಿಳಿಯುತ್ತಿತ್ತು. ಮರಳುವ ದಾರಿಯಲ್ಲಿ ಅವಳು ಹೇಳಿದ್ದು ತೆಂಗಿನಕಾಯಿ ಮುಗಿದಿದೆ ಎಂದು ಮಾತ್ರ.

ಅವಳ ಕಂಠದಲ್ಲಿ ತಾಯಿಯಿಂದ, ಅಜ್ಜಿಯಿಂದ ಬಂದ ಸೇವೆಯ ಹಾಡುಗಳಿದ್ದವು. ದೇವರನ್ನು ಎಬ್ಬಿಸುವುದಕ್ಕೊಂದು, ಅಭಿಷೇಕಕ್ಕೊಂದು, ನೈವೇದ್ಯಕ್ಕೆ, ಆರತಿಗೆ, ಕಡೆಗೆ ಮಲಗಿಸುವುದಕ್ಕೆ ಎಂದು ಒಟ್ಟು ಹದಿನೇಳು. ಅವುಗಳ ಸಾಹಿತ್ಯವನ್ನು ನಾನು ಮದುವೆಯಾದ ಹೊಸತರಲ್ಲೇ ಬರೆದುಕೊಂಡಿದ್ದೆ. ಧಾಟಿಯನ್ನು ಬರೆದಿಡುವ ವಿದ್ಯೆ ನನಗಿರಲಿಲ್ಲ. ಅವು ಯಾವ ರಾಗದ ಹೆಸರಿಗೂ ಪೂರ್ತಿ ಒಗ್ಗದ ಧಾಟಿಗಳು. ನಮಗೆ ಮಕ್ಕಳಿಲ್ಲ, ಅವಳಿಗೆ ಒಡಹುಟ್ಟಿದವರೂ ಇರಲಿಲ್ಲ. ಆ ಹದಿನೇಳು ಧಾಟಿಗಳು ಈ ಲೋಕದಲ್ಲಿದ್ದುದು ಶಸ್ತ್ರಕ್ಕೆ ದಿನ ಗೊತ್ತಾಗಿದ್ದ ಆ ಒಂದು ಗಂಟಲಿನಲ್ಲಿ ಮಾತ್ರ.

ನಮ್ಮಲ್ಲಿ ಟೇಪ್ ರೆಕಾರ್ಡರೊಂದು ಇದ್ದಿತು. ಕೊಚ್ಚಿಯ ಉಪ್ಪುಗಾಳಿಗೆ ತುಕ್ಕು ಹಿಡಿದು ಅದು ಟೇಪಿನ ಪಟ್ಟಿಯನ್ನು ನುಂಗುತ್ತಿತ್ತು. ಉಳಿದದ್ದು ಜೊತೆಗೆ ತಂದಿದ್ದ ಕಂಪ್ಯೂಟರು, ಅದರ ಪುಟ್ಟ ಮೈಕು. ತಾಳೆಗರಿಯ ಗ್ರಂಥಗಳನ್ನು ಪ್ರತಿಮಾಡಲೆಂದು ನಾನು ನಿವೃತ್ತಿಯ ವರ್ಷ ಅದನ್ನು ಕೊಂಡಿದ್ದೆ. ಫೋರ್ಟ್ ಕೊಚ್ಚಿಯಲ್ಲಿ ನಮ್ಮ ಮನೆ ಕಡಲಿಗೆ ಹತ್ತಿರವಿದ್ದುದರಿಂದ, ಯಂತ್ರವನ್ನು ಸದಾ ಮುಚ್ಚಿಡಿ, ಉಪ್ಪು ಒಳಹೊಕ್ಕರೆ ಕೆಟ್ಟೀತು ಎಂದು ಜೋಡಿಸಿಕೊಟ್ಟವನು ಎಚ್ಚರಿಸಿದ್ದ. ಸದಾ ಎಂಬ ಮಾತನ್ನು ನಾನು ಅಕ್ಷರಶಃ ಪಾಲಿಸಿದೆ. ಅಲ್ಲಿ ದೇವರ ಮನೆಯ ಬಾಗಿಲ ಪಕ್ಕದಲ್ಲೇ ಇದ್ದ ಅದರ ಮೇಲೆ, ಕೆಲಸ ನಡೆಯುವಾಗಲೂ ಒಂದು ವಸ್ತ್ರವಿರುತ್ತಿತ್ತು.

ಅವಳು ಸೇವೆಯ ಹಾಡನ್ನು ಬರಿದೇ ಹಾಡುವವಳಲ್ಲ. ನೈವೇದ್ಯದ ಹಾಡಿಗೆ ನೈವೇದ್ಯ ಎದುರಿಗಿರಬೇಕು, ಆರತಿಯ ಹಾಡಿಗೆ ಆರತಿ ಬೆಳಗುತ್ತಿರಬೇಕು. ಆದ್ದರಿಂದ ಯಂತ್ರವೇ ದೇವರ ಕೋಣೆಗೆ ಬರಬೇಕಾಯಿತು. ಯಾರ ಯಾರ ಕೈ ಮುಟ್ಟಿದ್ದೋ ಎಂದು ಅವಳು ಅನುಮಾನಿಸಿದಾಗ, ನಾನು ಮಡಿಗೆ ಉಡುವ ಧಾಬಳಿಯನ್ನು ತಂದು ಯಂತ್ರಕ್ಕೆ ಸುತ್ತಿದೆ. ಉಣ್ಣೆಗೆ ಮೈಲಿಗೆಯಿಲ್ಲ, ಅವಳಿಗೆ ಸಮಾಧಾನವಾಯಿತು. ಯಂತ್ರದ ಬೆನ್ನಿನಿಂದ ಬೀಸುವ ಗಾಳಿಗೆ ನಂದಾದೀಪದ ಕುಡಿ ಬಾಗುತ್ತಿತ್ತು. ಅದರ ಬೆನ್ನನ್ನು ಗೋಡೆಗೆ ಒತ್ತಿಟ್ಟೆ. ದೀಪ ನೆಟ್ಟಗಾಯಿತು. ಧಾಬಳಿಯಿಂದಾಗಿ ಅದರ ಮೊರೆತವೂ ತಗ್ಗಿತು. ಎಲ್ಲವೂ ಶಾಸ್ತ್ರೋಕ್ತವಾಗಿ ಕೂಡಿಬಂತೆಂದು ನಾನು ಸಂತೋಷಪಟ್ಟೆ.

ಎರಡನೆಯ ಹಾಡಿನ ನಡುವೆ ಯಂತ್ರ ತಾನಾಗಿ ಆರಿತು. ಅರ್ಧ ಗಂಟೆ ಬಿಟ್ಟು ಹಚ್ಚಿದೆ, ಮತ್ತೆ ಆರಿತು. ಮೂರು ದಿನಗಳಲ್ಲಿ ಪೂರ್ತಿಯಾಗಿ ದಾಖಲಾದದ್ದು ಎರಡು ಹಾಡು. ಒಡೆದ ಧ್ವನಿಯಲ್ಲೇ ಅವಳು ನಕ್ಕಳು. “ನಿಮ್ಮ ಪೆಟ್ಟಿಗೆಗೆ ನನಗಿಂತ ಮೊದಲು ಗಂಟಲು ಹೋಯ್ತಲ್ಲ ಮಾರಾಯ್ರೇ.”

ನಮ್ಮ ಎದುರುಮನೆಯಲ್ಲಿ ಧಾರವಾಡದ ಕಡೆಯ ಹೆಂಗಸೊಬ್ಬರಿದ್ದರು. ವರ್ಗವಾಗಿ ಬಂದು ಬಾಹ್ಯಾಕಾಶ ಸಂಸ್ಥೆಯಲ್ಲಿ ಕೆಲಸಮಾಡುತ್ತಿದ್ದರು. ವಿದ್ಯುತ್ ಉಪಕರಣಗಳ ಬಿಸಿಯನ್ನು ಹೊರಹಾಕುವುದೇ ಅವರ ವಿದ್ಯೆ. ಕನ್ನಡ ಮಾತನಾಡುವ ಆಸೆಗೆ ಆಗಾಗ ಬಂದು ಹೋಗುತ್ತಿದ್ದರು. ನಾನು ಕರೆದಾಗ ಕೋಣೆಯ ಹೊಸ್ತಿಲಲ್ಲೇ ನಿಂತು ಒಳಗೆ ನೋಡಿದರು.

“ಮಾಸ್ತರ್ರ, ಇದಕ್ಕ ಧಾಬಳಿ ಹೊಚ್ಚೀರಿ, ಗ್ವಾಡಿಗೆ ಒತ್ತೀರಿ, ಬಾಗ್ಲಾ ಹಾಕೀರಿ. ನಿಮಗ ಹಿಂಗ ಮಾಡಿದ್ರ ನೀವರೆ ಎಷ್ಟೊತ್ತು ಮಂತ್ರ ಹೇಳ್ತೀರಿ?”

ಯಂತ್ರವನ್ನು ಜಗಲಿಗೆ ಒಯ್ದು ಪಕ್ಕದ ತಗಡನ್ನು ಬಿಚ್ಚಿದರು. ಅದರ ಒಳಗನ್ನು ನಾನು ನೋಡಿದ್ದು ಅದೇ ಮೊದಲು. ಎಣಿಸುವ ಕೆಲಸವನ್ನೆಲ್ಲ ಮಾಡುವ ಪ್ರೊಸೆಸರು ಬೆರಳೆರಡರಷ್ಟು ಅಗಲದ ಬಿಲ್ಲೆ. ಅದರ ಮೇಲೆ ಅಲ್ಯೂಮಿನಿಯಮ್ಮಿನ ತೆಳುಹಾಳೆಗಳ ಗುಪ್ಪೆ, ಗುಪ್ಪೆಯ ಮೇಲೊಂದು ಪುಟ್ಟ ಫ್ಯಾನು. ಬಿಲ್ಲೆಯ ತಾಪವನ್ನು ಹಾಳೆಗಳು ಹೀರಬೇಕು, ಹಾಳೆಗಳ ತಾಪವನ್ನು ಫ್ಯಾನು ಚದುರಿಸಬೇಕು, ಹಿಂದಿನ ಇನ್ನೊಂದು ಫ್ಯಾನು ಆ ಕಾವನ್ನು ಪೆಟ್ಟಿಗೆಯಿಂದಲೇ ಆಚೆಗೆ ದೂಡಬೇಕು. ಮುಂದಿನಿಂದ ತಂಗಾಳಿ ಬರದಿದ್ದರೆ ಈ ಯಾವುದೂ ನಡೆಯದು. ನಮ್ಮ ಯಂತ್ರದಲ್ಲಿ ಹಾಳೆಗಳ ನಡುವೆ ಗಾಳಿಗೆ ಎಡೆಯೇ ಇರಲಿಲ್ಲ. ದೀಪದ ಎಣ್ಣೆಯ ಹೊಗೆ, ಊದುಬತ್ತಿಯ ಬೂದಿ, ಧಾಬಳಿಯ ನವಿರು ಎಲ್ಲ ಬೆರೆತು ಕಂಬಳಿಯ ತುಂಡಿನಂತೆ ಕೂತಿತ್ತು. ಅವರು ಚಿಮುಟದಿಂದ ಎಳೆದಾಗ ಅದು ಇಡಿಯಾಗಿ ಎದ್ದು ಬಂತು. ಅದರಲ್ಲಿ ಗಂಧದ ಪರಿಮಳವಿತ್ತು. ಇಷ್ಟು ವರ್ಷ ಭಕ್ತಿಯಿಂದ ಮಾಡಿದ್ದೆಲ್ಲ ಆ ಯಂತ್ರದ ಉಸಿರಿಗೆ ಅಡ್ಡವಾಗಿ ಕೂತಿತ್ತು.

ಅವರು ಬಣ್ಣದ ಕುಂಚದಿಂದ ಹಾಳೆಗಳನ್ನು ಗುಡಿಸಿ, ಬಿಲ್ಲೆಗೂ ಗುಪ್ಪೆಗೂ ನಡುವೆ ಬೂದುಬಣ್ಣದ ಲೇಪವನ್ನು ಹೊಸದಾಗಿ ಹಚ್ಚಿ, ಫ್ಯಾನಿನ ತಂತಿಯ ಕೊಂಡಿಯನ್ನು ಕಳಚಿ ಮತ್ತೆ ಸಿಕ್ಕಿಸಿ ತೋರಿಸಿದರು. ಪ್ರೊಸೆಸರಿನ ತಾಪವನ್ನು ಪರದೆಯ ಮೂಲೆಯಲ್ಲಿ ಅಂಕಿಯಾಗಿ ತೋರುವ ವ್ಯವಸ್ಥೆಯನ್ನೂ ಮಾಡಿದರು. ಎಪ್ಪತ್ತು ದಾಟಿದರೆ ಕೆಲಸ ನಿಲ್ಲಿಸಬೇಕು; ತೊಂಬತ್ತರ ಸುಮಾರಿಗೆ ಯಂತ್ರ ತನ್ನನ್ನು ಕಾಪಾಡಿಕೊಳ್ಳಲು ತಾನೇ ಆರಿಹೋಗುತ್ತದೆ, ಉಳಿಸಿಡದೆ ಇದ್ದುದೆಲ್ಲ ಆಗ ಹೋಗುತ್ತದೆ ಎಂದರು. ಗೋಡೆಯಿಂದ ಮೊಳ ದೂರವಿರಲಿ, ಧಾಬಳಿ ಬೇಡ, ಬಾಗಿಲು ತೆರೆದಿರಲಿ ಎಂದೂ ಹೇಳಿಹೋದರು.

ಮುಂದಿನ ಹದಿನೈದು ದಿನ ಅಂಕಿ ಐವತ್ತರ ಆಚೀಚೆ ನಿಂತಿತು. ಮೊದಲಿನ ಎರಡೂ ಸೇರಿ ಹದಿನಾರು ಹಾಡುಗಳು ದಾಖಲಾದವು. ಆದರೆ ಧಾಬಳಿ ತೆಗೆದಮೇಲೆ ಫ್ಯಾನಿನ ಮೊರೆತ ಹಾಡಿನೊಳಗೆ ಸೇರಿತು. ದಿನದಿನಕ್ಕೆ ಅವಳ ಧ್ವನಿ ಇಳಿಯುತ್ತ ಬಂತು, ಮೊರೆತ ಇಳಿಯಲಿಲ್ಲ. ಕೊನೆಕೊನೆಯ ಹಾಡುಗಳನ್ನು ಹಾಕಿ ಕೇಳಿದರೆ ಜೋರು ಮಳೆಯ ಆಚೆ ಯಾರೋ ಗೊಣಗಿದಂತೆ ಕೇಳುತ್ತಿತ್ತು.

ಉಳಿದದ್ದು ಮಲಗಿಸುವ ಹಾಡು. ಅವಳ ತಾಯಿ ಕಡೆಯ ದಿನದವರೆಗೂ ಹಾಡಿದ್ದು ಅದನ್ನೇ ಎಂದು ಅವಳು ಅದನ್ನು ಕೊನೆಗಿಟ್ಟಿದ್ದಳು. ಮರುದಿನ ಬೆಳಗ್ಗೆ ಆಸ್ಪತ್ರೆಗೆ ಸೇರಬೇಕು. ಸಂಜೆ ದೀಪ ಹಚ್ಚಿ, ಹಾಲು ನಿವೇದಿಸಿ, ಅವಳು ಒಂದು ಸಾಲು ಹಾಡಿ ನೋಡಿದಳು. ಉಸಿರಿನಷ್ಟು ಸಣ್ಣ ಧ್ವನಿ ಬಂತು. ಅದನ್ನು ನಾನು ದಾಖಲಿಸಿ ಹಾಕಿ ಕೇಳಿದೆ: ಫ್ಯಾನಿನ ಮೊರೆತದ ಹೊರತು ಏನೂ ಇರಲಿಲ್ಲ.

ಎದುರುಮನೆಯವರು ಕೆಲಸದಿಂದ ಬಂದಿರಲಿಲ್ಲ. ಬರುವವರೆಗೆ ಕಾಯಬಹುದಿತ್ತು. ಹಾಡು ಹತ್ತು ನಿಮಿಷದ್ದು, ಅಷ್ಟು ಹೊತ್ತು ಫ್ಯಾನಿಲ್ಲದೆ ಯಂತ್ರ ತಡೆದೀತು ಎಂದು ನಾನೇ ಲೆಕ್ಕಹಾಕಿದೆ. ಪಕ್ಕದ ತಗಡನ್ನು ತೆಗೆದು ಮೊದಲು ಹಿಂದಿನ ಫ್ಯಾನಿನ ಕೊಂಡಿಯನ್ನು, ಆಮೇಲೆ ಪ್ರೊಸೆಸರಿನ ಫ್ಯಾನಿನ ಕೊಂಡಿಯನ್ನು ಕಳಚಿದೆ. ಕೋಣೆ ನಿಶ್ಶಬ್ದವಾಯಿತು. ಬತ್ತಿ ಉರಿಯುವ ಸಣ್ಣ ಸದ್ದೂ ಕೇಳುವಷ್ಟು. ಹಾಡು ಎಂದು ಕೈಸನ್ನೆ ಮಾಡಿದೆ.

ಅವಳು ಕಣ್ಣು ಮುಚ್ಚಿ ಹಾಡಿದಳು. ಮೌನದಲ್ಲಿ ಆ ಧ್ವನಿ ಸ್ಪಷ್ಟವಾಗಿಯೇ ಇತ್ತು. ನಾನು ನೋಡುತ್ತಿದ್ದುದು ಪರದೆಯ ಮೂಲೆಯ ಅಂಕಿಯನ್ನು. ಐವತ್ತೆಂಟು, ಅರವತ್ತಾರು, ಎಪ್ಪತ್ತು. ನಡುವೆ ನಿಲ್ಲಿಸಿ ಉಳಿಸಿಡಬಹುದಿತ್ತು. ನಿಲ್ಲಿಸಿದರೆ ಅವಳು ಮತ್ತೆ ಹಾಡಲಾರಳೆಂದು ಅಂಜಿದೆ. ಎಂಬತ್ತರಲ್ಲಿ ಅಂಕಿ ಸ್ವಲ್ಪ ತಡೆಯಿತು. ನಾನು ಮನಸ್ಸಿನಲ್ಲೇ ಅಷ್ಟಾಕ್ಷರಿಯನ್ನು ಜಪಿಸತೊಡಗಿದೆ. ನನ್ನ ಜಪ ದೇವರಿಗೋ ಆ ಅಂಕಿಗೋ ಎಂದು ಇಂದಿಗೂ ಹೇಳಲಾರೆ. ಕಡೆಯ ಚರಣಕ್ಕೆ ಅವಳು ಎಂದಿಗಿಂತ ನಿಧಾನವಾಗಿ ಕಾಲಿಟ್ಟಳು. ಎಂಬತ್ತೊಂಬತ್ತು ಎಂದು ತೋರಿಸಿ ಪರದೆ ಕಪ್ಪಾಯಿತು.

ಅವಳಿಗೆ ತಿಳಿಯಲಿಲ್ಲ. ಕಣ್ಣು ಮುಚ್ಚಿಕೊಂಡೇ ಹಾಡನ್ನು ಪೂರೈಸಿ, ನಮಸ್ಕರಿಸಿ, ಕೆಮ್ಮಿದಳು. ಸೆರಗಿಗೆ ರಕ್ತ ತಾಗಿತು. ಅದನ್ನು ಮಡಚಿ ಮರೆಮಾಡುತ್ತ ಕೇಳಿದಳು:

“ಬಂತಾ?”

“ಬಂತು,” ಎಂದೆ.

ದೇವರ ಎದುರಿನಲ್ಲಿ, ದೀಪದ ಎದುರಿನಲ್ಲಿ ಹೇಳಿದೆ. ಅವಳು ತೃಪ್ತಿಯಿಂದ ಎದ್ದು ಹೋದಳು. ಯಂತ್ರ ತಣಿದ ಬಳಿಕ ಕೊಂಡಿಗಳನ್ನು ಸಿಕ್ಕಿಸಿ ಹಚ್ಚಿದೆ. ಅದಕ್ಕೆ ಯಾವ ಊನವೂ ಆಗಿರಲಿಲ್ಲ. ಹದಿನಾರು ಹಾಡುಗಳಿದ್ದವು. ಹದಿನೇಳನೆಯದು ಇರಲಿಲ್ಲ.

ಶಸ್ತ್ರಚಿಕಿತ್ಸೆಯಾಗಿ ತಿಂಗಳೊಂದು ಕಳೆದಮೇಲೆ ಅವಳನ್ನು ಮನೆಗೆ ಕರೆತಂದೆ. ಕೊರಳಿನಲ್ಲಿ ಉಸಿರಾಟದ ರಂಧ್ರ, ಕೈಯಲ್ಲಿ ಸ್ಲೇಟು. ಮೊದಲನೆಯ ಸಂಜೆ ದೀಪ ಹಚ್ಚಿ ಸ್ಲೇಟಿನಲ್ಲಿ ಬರೆದು ತೋರಿಸಿದಳು: ಮಲಗಿಸುವ ಹಾಡು ಹಾಕಿ.

ಬೇರೊಂದು ಹಾಡನ್ನು ಹಾಕಿ, ಮಲಗಿಸುವ ಹಾಡಿನ ದಾಖಲೆ ಕೆಟ್ಟಿದೆ ಎನ್ನಬಹುದೇ ಎಂದು ಒಂದು ಗಳಿಗೆ ಯೋಚಿಸಿದ್ದು ನಿಜ. ಆಮೇಲೆ ನಡೆದುದನ್ನೆಲ್ಲ ಹೇಳಿದೆ. ಫ್ಯಾನು ಕಿತ್ತದ್ದನ್ನು, ಅಂಕಿಯನ್ನು, ಬಂತು ಎಂದು ನಾನು ಆಡಿದ ಸುಳ್ಳನ್ನು. ಅವಳು ಎದ್ದು ದೀಪದ ಕುಡಿಯನ್ನು ಸರಿಮಾಡಿದಳು. ಬಳಿಕ ಸ್ಲೇಟನ್ನು ಒರೆಸಿ ಬರೆದಳು: ಅವತ್ತೇ ಹೇಳಿದ್ದರೆ ಬೆಳಗ್ಗೆ ಇನ್ನೊಮ್ಮೆ ಹಾಡುತ್ತಿದ್ದೆ.

ಅವಳು ಮತ್ತೆ ಒರೆಸಿದಳು: ನೀವು ಹಾಡಿ. ದಿನಾ ಕೇಳಿದ್ದೀರಲ್ಲ.

ಕೇಳಿದ್ದೆ, ಮೂವತ್ತಾರು ವರ್ಷ, ಪ್ರತಿ ಸಂಜೆ. ಕೇಳುತ್ತ ಪಂಚಾಂಗ ನೋಡಿದ್ದೆ, ಉತ್ತರಪತ್ರಿಕೆ ತಿದ್ದಿದ್ದೆ, ಕೊನೆಯ ಸಲ ಅಂಕಿಯನ್ನು ನೋಡಿದ್ದೆ. ಮೊದಲನೆಯ ಸಾಲು ಬಂತು. ಎರಡನೆಯದರಲ್ಲಿ ಧ್ವನಿ ಮೇಲೇರಿ ತಿರುಗುವ ಕಡೆ ನಾನು ಎಡವಿದೆ. ಅವಳು ಅಲ್ಲವೆಂದು ತಲೆಯಲ್ಲಾಡಿಸಿ ನನ್ನ ಅಂಗೈಯ ಮೇಲೆ ಬೆರಳಿನಿಂದ ಏರಿಳಿತವನ್ನು ಬರೆದಳು. ಇನ್ನೊಮ್ಮೆ ಹಾಡಿದೆ. ಅಲ್ಲ. ಮರುದಿನ ಸಂಜೆ ಮತ್ತೆ ಹಾಡಿದೆ, ಅದರ ಮರುದಿನವೂ. ಹೀಗೆ ಆ ಮಳೆಗಾಲ ಕಳೆಯಿತು.

ಕಡೆಕಡೆಗೆ ಅವಳು ಶಕ್ತಿ ಕುಂದಿ ಗೋಡೆಗೊರಗಿ ಕುಳಿತಿರುತ್ತಿದ್ದಳು. ಒಂದು ಸಂಜೆ ನಾನು ಎರಡನೆಯ ಸಾಲನ್ನು ದಾಟಿದಾಗ ತಲೆಯಲ್ಲಾಡಿಸಲಿಲ್ಲ. ಸಾಲು ಸರಿಯಾಗಿರಲಿಲ್ಲ, ಅಷ್ಟು ನನಗೂ ತಿಳಿಯುತ್ತಿತ್ತು. ಅವಳು ಬೆರಳನ್ನು ನನ್ನ ಅಂಗೈಯಿಂದ ತೆಗೆದು ತನ್ನ ಮಡಿಲಿನಲ್ಲಿಟ್ಟುಕೊಂಡಳು, ನಾನು ಹಾಡನ್ನು ತಪ್ಪುತಪ್ಪಾಗಿಯೇ ಕೊನೆಯವರೆಗೆ ಹಾಡಿದೆ.