ಒಪ್ಪಿಗೆ ಕೇಳುವ ಮಾತಿನಕ್ಕ

ಬೆಳಕು ಹರಿಯುವ ಹೊತ್ತು. ವಾರ್ಡಿನ ಮೂಲೆಯ ಮಂಚದ ಮೇಲೆ ಹೆಂಗಸೊಬ್ಬಳು ಚಪ್ಪಲಿ ಹಾಕಿಕೊಂಡೇ ಕೂತಿದ್ದಾಳೆ. ಮುಟ್ಟಲು ಬಂದ ನರ್ಸುಗಳನ್ನೆಲ್ಲ ತಳ್ಳಿದ್ದಾಳೆ. ಲಾಂಡ್ರಿಯಲ್ಲಿ ಬಟ್ಟೆ ಮಡಚುವ ಈಕೆಗೆ ನಲವತ್ತರ ಆಸುಪಾಸು. ಬುದ್ಧಿ ಮಾತ್ರ ನಿಧಾನ. ಕೋರ್ಟು ಅಣ್ಣನನ್ನೇ ಪೋಷಕನನ್ನಾಗಿ ನೇಮಿಸಿದೆ. ಗಂಟಲಿನ ಗಂಟು ತೆಗೆಯಲು ಅವನು ಸಹಿ ಹಾಕಿಯೂ ಆಗಿದೆ.

"ಮಾತಿನಕ್ಕನ್ನ ಕರೀರಿ," ಅನ್ನುತ್ತಾರೆ ಸರ್ಜನ್.

ಪೋಷಕರ ಅಧೀನದಲ್ಲಿರುವ ರೋಗಿಗಳಿಗೆ ಚಿಕಿತ್ಸೆಯನ್ನು ತಿಳಿಹೇಳಿ, ಬೇಕೋ ಬೇಡವೋ ಎಂದು ಅವರ ಬಾಯಿಂದಲೇ ಕೇಳುವುದು ಮಾತಿನಕ್ಕನ ಕೆಲಸ. ಪೋಷಕರ ಸಹಿ ಇದ್ದರೂ, ಅರ್ಥವಾಗುವ ರೋಗಿಯನ್ನು ಕೇಳದೆ ಕತ್ತರಿ ಎತ್ತುವಂತಿಲ್ಲ ಎಂಬುದು ಈ ಆಸ್ಪತ್ರೆಯ ಕಟ್ಟುನಿಟ್ಟು. ಅವರು ಸ್ಟೂಲ್ ಎಳೆದುಕೊಂಡು ಹತ್ತಿರ ಕೂರುತ್ತಾರೆ.

"ಯಾಕಮ್ಮಾ ಸಿಟ್ಟು?"

"ಅಣ್ಣ ಸುಳ್ಳು ಹೇಳ್ದ. ಪೇಟೆಗೆ ಅಂದ."

ಅಣ್ಣ ತಲೆ ತಗ್ಗಿಸುತ್ತಾನೆ. "ಆಪರೇಷನ್ ಅಂದ್ರೆ ಬರ್ತಾನೇ ಇರ್ಲಿಲ್ಲ ಮೇಡಂ. ಸಹಿ ಹಾಕಿದೀನಲ್ಲ, ಸಾಲ್ದಾ?"

"ಸಹಿ ನಿಮ್ದು, ಗಂಟಲು ಅವಳದಲ್ವಾ ಸಾರ್?"

ಮಾತಿನಕ್ಕ ಆಕೆಯ ಬೆರಳನ್ನು ಗಂಟಿನ ಮೇಲಿಡುತ್ತಾರೆ. ಮಲಗಿದಾಗ ಉಸಿರು ಕಟ್ಟುವುದು ಇದರಿಂದಲೇ ಎನ್ನುತ್ತಾರೆ. ಕೊಯ್ಯುವಾಗ ನಿದ್ದೆ ಬರಿಸಿರುತ್ತಾರೆ, ಎದ್ದ ಮೇಲೆ ನೋಯುತ್ತದೆ ಎಂಬುದನ್ನೂ ಮುಚ್ಚಿಡುವುದಿಲ್ಲ.

"ಮಾತು ಹೋಗುತ್ತಾ?"

ಸರ್ಜನ್ ತಾವೇ ಉತ್ತರಿಸುತ್ತಾರೆ: "ಸ್ವಲ್ಪ ದಿನ ದನಿ ಒಡೆಯಬಹುದು. ಎಲ್ಲೋ ಒಬ್ಬಿಬ್ಬರಿಗೆ ಹಾಗೇ ಉಳಿದದ್ದೂ ಇದೆ."

ಆಕೆ ಯೋಚಿಸಿ, "ಇವತ್ತು ಬೇಡ," ಅನ್ನುತ್ತಾಳೆ. ಸ್ವಲ್ಪ ದಿನ ತಡೆದರೆ ಅಪಾಯವಿಲ್ಲ ಎಂದು ಸರ್ಜನ್ ಮನೆಗೆ ಕಳಿಸುತ್ತಾರೆ. ಅಣ್ಣನ ಮುಖ ಗಂಟಾಗುತ್ತದೆ.

ಮಾತಿನಕ್ಕ ಈ ಆಸ್ಪತ್ರೆಗೆ ಸೇರಿದ್ದು ಆಯಾ ಆಗಿ. ಅವರ ತಮ್ಮನೂ ಈ ಹೆಂಗಸಿನಂತೆಯೇ ಬುದ್ಧಿ ನಿಧಾನವಿದ್ದವನು. ಹುಳುಕು ಹಿಡಿದ ಹಲ್ಲುಗಳನ್ನು ಒಂದೇ ದಿನ ಕೀಳಿಸಿದ್ದರು, ಅವನಿಗೊಂದು ಮಾತೂ ಹೇಳದೆ. "ಅಪ್ಪ ಸಹಿ ಹಾಕಿದ್ರು. ಕೆಟ್ಟದ್ದಕ್ಕಲ್ಲ, ನೋವು ಹೋಗ್ಲಿ ಅಂತ. ಆಮೇಲೆ ಅವನು ಯಾರ ಮುಂದೆನೂ ಬಾಯಿಬಿಟ್ಟು ನಗಲೇ ಇಲ್ಲ," ಎನ್ನುವಾಗ ಅವರ ದನಿ ಇಳಿಯುತ್ತದೆ. ಆಸ್ಪತ್ರೆ ಈ ಕೆಲಸಕ್ಕೆ ಜನ ಹುಡುಕಿದಾಗ ಮೊದಲು ಕೈ ಎತ್ತಿದವರು ಅವರೇ. ಈಗ ದಿನಕ್ಕೆ ನಾಲ್ಕೈದು ಮಂಚಗಳಿಂದ ಕರೆ ಬರುತ್ತದೆ.

ಮುಂದಿನ ವಾರ ಲಾಂಡ್ರಿಯ ಹೆಂಗಸು ಅಣ್ಣನಿಗಿಂತ ಮುಂದಾಗಿ ವಾರ್ಡಿಗೆ ಬರುತ್ತಾಳೆ. "ಗಂಟು ತೆಗೀರಿ. ದನಿ ಒಡೆದ್ರೂ ಪರವಾಗಿಲ್ಲ, ಉಸಿರು ಬೇಕು," ಅನ್ನುತ್ತಾಳೆ. ದಾರಿಯುದ್ದಕ್ಕೂ ಅವಳೇ ತನಗೆ ಧೈರ್ಯ ಹೇಳಿದಳೆಂದು ಅಣ್ಣ ನಗುತ್ತಾನೆ. ಸಂಜೆ ಎಚ್ಚರವಾದಾಗ ಆಕೆಯ ದನಿ ಗೊಗ್ಗರು. ಆ ದನಿಯಲ್ಲೇ ನೀರು ಕೇಳಿ, ಕೊಟ್ಟದ್ದು ಬಿಸಿಯೆಂದು ನರ್ಸನ್ನು ಗದರುತ್ತಾಳೆ.

ನಿಮಗೇನು ಬೇಕು ಎಂದರೆ ಮಾತಿನಕ್ಕ ಮೊಣಕಾಲು ಒತ್ತಿಕೊಳ್ಳುತ್ತಾರೆ. "ಪ್ರತಿ ಮಹಡಿಗೂ ನನ್ನಂಥವಳು ಒಬ್ಬಳಿರ್ಲಿ. ಮೆಟ್ಟಿಲು ಹತ್ತಿ ಹತ್ತಿ ಸಾಕಾಗಿದೆ. ಕೇಳೋದ್ರಲ್ಲಿ ಮಾತ್ರ ಇನ್ನೂ ಸುಸ್ತಾಗಿಲ್ಲ."